ಒಣ ದನಿ, ಒದ್ದೆ ದನಿ

"ಅಕ್ಕಾರ, ನಮ್ಮವ್ವನ ದನಿಪೆಟಗಿ ತಗೀತಾರ. ಅದಕ್ಕೂ ಮೊದಲ ಆಕಿ ಹಾಡು ತುಂಬಿಸಿಕೊಳ್ರಿ."

ಹಿರೇಕೆರೂರು ಬಸ್ಸಿನ ಕಂಡಕ್ಟರ್ ಹೆಣ್ಣುಮಗಳು ನನ್ನ ಸ್ಟುಡಿಯೋದ ಬಾಗಿಲಲ್ಲಿ ನಿಂತು ಹೀಗೆ ಹೇಳಿದಾಗ ಟಿಕೆಟ್ ಮಷಿನ್ ಇನ್ನೂ ಅವಳ ಕೈಯಲ್ಲೇ ಇತ್ತು. ಹಾನಗಲ್ಲಿನ ಬಸ್ ನಿಲ್ದಾಣದ ಎದುರಿಗೆ, ಮಹಡಿಯ ಮೇಲೆ ನನ್ನ ಎರಡು ಕೋಣೆಗಳಿವೆ. ಒಂದರ ಗೋಡೆಗೆಲ್ಲ, ಸದ್ದು ಮರಳಿ ಬಾರದಂತೆ, ಹಳೆ ಬಟ್ಟೆಯ ಕೌದಿ ತೂಗುಹಾಕಿ ಹಾಡುವವರಿಗೆ ಬಿಟ್ಟಿದ್ದೇನೆ. ಇನ್ನೊಂದರಲ್ಲಿ ಕಂಪ್ಯೂಟರ್, ಎರಡು ಸ್ಪೀಕರ್, ನನ್ನ ಕುರ್ಚಿ. ನಡುವಿನ ಗೋಡೆಯಲ್ಲಿ ಒಂದು ಗಾಜಿನ ಕಿಟಕಿ. ಭಜನಾ ಮಂಡಳಿಯವರು, ಮದುವೆ ಹಾಡಿನವರು, ಚುನಾವಣೆ ಬಂದಾಗ ಪ್ರಚಾರದವರು ಬಂದು ಹೋಗುತ್ತಾರೆ. ಇಂಥ ಕೆಲಸ ಹಿಡಿದುಕೊಂಡು ಯಾರೂ ಬಂದಿರಲಿಲ್ಲ.

ಬಸ್ಸು ಹೊರಡುವುದರೊಳಗೆ ಅವಳು ನಿಂತೇ ಎಲ್ಲ ಹೇಳಿ ಮುಗಿಸಿದಳು. ತಾಯಿಯ ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಬೇರೆ ದಾರಿ ಇಲ್ಲ ಎಂದು ಹುಬ್ಬಳ್ಳಿಯ ದವಾಖಾನೆಯಲ್ಲಿ ಹೇಳಿದ್ದರು. ತಾಯಿ ಬೀಸುವ ಕಲ್ಲಿನ ಹಾಡು ಹಾಡುವವರು. ಚಿಕ್ಕೇರೂರಿನ ಸುತ್ತಲಿನ ಹಳ್ಳಿಗಳಲ್ಲಿ ಮದುವೆಯ ಅರಿಷಿಣ ಬೀಸಲು ಅವರನ್ನೇ ಕರೆಯುತ್ತಿದ್ದರು.

"ಜೀವಾ ಹೋದ್ರೂ ಚಿಂತಿಲ್ಲ, ದನಿ ಕೊಡೂದಿಲ್ಲ ಅಂತ ಹಟಾ ಹಿಡದಿದ್ಲು. ಹಾಡೆಲ್ಲಾ ತುಂಬಿಸಿಡ್ತೇನಿ, ಬೇಕಾದಾಗ ಕೇಳಾಕ ಬರ್ತೈತಿ ಅಂತ ಮಾತು ಕೊಟ್ಟೇನಿ. ಅದಕ್ಕ ಹೂಂ ಅಂದಾಳ್ರಿ."

ಮರುದಿನವೇ ತಾಯಿ ಬಂದರು. ತೆಳ್ಳಗಿನ, ಎತ್ತರದ ಹೆಂಗಸು. ಮಾತಾಡಿದರೆ ದನಿ ಒಡೆಯುತ್ತಿತ್ತು. ಹಾಡಿಗೆ ಕೂತಾಗ ಮಾತ್ರ ಆ ಒಡಕಿನ ನಡುವಿನಿಂದ ಒಂದು ಗಟ್ಟಿ ದನಿ ಮೇಲೆದ್ದು ಬರುತ್ತಿತ್ತು. ಕೌದಿಯ ಕೋಣೆಯಲ್ಲಿ ಚಾಪೆ ಹಾಸಿ, ಬಾಯಿಯ ಒಂದು ಗೇಣು ದೂರಕ್ಕೆ ಮೈಕ್ ಇಟ್ಟೆ. ಒಂದು ಹಾಡು ಮುಗಿಯುವಷ್ಟರಲ್ಲಿ ಅವರ ಮುಖ ಗಂಟಿಕ್ಕಿತ್ತು.

"ಯವ್ವಾ, ಇಲ್ಲಿ ನನ್ನ ದನಿ ಎಲ್ಲಿಗೂ ಹೋಗವಲ್ದು. ಬಾಯಿಂದ ಬಿದ್ದಿದ್ದು ನನ್ನ ಉಡ್ಯಾಗ ಬೀಳಾಕತ್ತೈತಿ."

"ಕೋಣಿ ಹಂಗ ಮಾಡೇನ್ರಿ ಅವ್ವಾರ. ಈಗ ಬರೇ ದನಿ ಬೇಕು. ಉಳದದ್ದು ಆಮ್ಯಾಲ ಕೂಡಸ್ತೇನಿ."

"ನಮ್ಮ ಪಡಸಾಲ್ಯಾಗ ಕುಂತು ಹಾಡಿದ್ರ ಹಗೇವಿನ್ಯಾಗ ಇಳದು ಹೊಳ್ಳಿ ಬರ್ತೈತಿ," ಎಂದರು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಒಳಗೆ ಹೊಟ್ಟೆ ಅಗಲ. ಅವರ ಮನೆಯ ಬೀಸುವ ಕಲ್ಲು ಹಗೇವಿನ ಬಾಯಿಯ ಪಕ್ಕದಲ್ಲೇ ಇತ್ತಂತೆ. "ಬರಿದಾದಾಗ ಮುಚ್ಚಳಾ ತಗದು ಗಾಳಿಗೆ ಬಿಡ್ತಿದ್ರು. ಆವಾಗ ಹಾಡೂದಂದ್ರ ಹಾಡೂದು."

ಮೂರು ಸಲ ಬಂದು ತಮಗೆ ನೆನಪಿದ್ದಷ್ಟನ್ನೂ ಹಾಡಿದರು. ಒಂದು ಸಾಲು ಹಾಡಿ ಸುಮ್ಮನಾಗುತ್ತಿದ್ದರು, ಮತ್ತೆ ಮುಂದಿನ ಸಾಲು. ಬೀಸುವಾಗ ಎದುರಿಗೆ ಕೂತವಳು ಅದೇ ಸಾಲನ್ನು ಎತ್ತಿಕೊಂಡು ಹಾಡುವುದು ರೂಢಿ. ಎದುರಿನವಳು ಎಂದೋ ಇಲ್ಲವಾಗಿದ್ದಳು. ಅವಳ ಪಾಲಿನ ಜಾಗವನ್ನು ಮಾತ್ರ ಇವರು ಬಿಟ್ಟುಕೊಂಡೇ ಬಂದಿದ್ದರು.

ಶಸ್ತ್ರಚಿಕಿತ್ಸೆ ಆಯಿತು. ಕೆಲವು ವಾರ ಕಳೆದ ಮೇಲೆ ಮಗಳು ಮತ್ತೆ ಬಂದಳು. ತಾಯಿ ಮನೆಗೆ ಬಂದಿದ್ದಾರೆ, ಊಟ ಸೇರುತ್ತಿದೆ, ಆದರೆ ಹಾಡು ಕೇಳಲು ಒಲ್ಲೆನೆನ್ನುತ್ತಾರೆ ಎಂದಳು. ನಾನು ಕಳಿಸಿದ್ದ ಹಸಿ ರೆಕಾರ್ಡಿಂಗನ್ನು ಅವಳು ಮೊಬೈಲಿನಲ್ಲಿ ಹಚ್ಚಿದರೆ ತಾಯಿ ಎದ್ದು ಹಿತ್ತಲಿಗೆ ಹೋಗುತ್ತಿದ್ದರು.

"ನನ್ನ ಮಾರಿನೂ ನೋಡವಲ್ಲಳು. ಆಪರೇಷನ್ ಕಾಗದಕ್ಕ ನಾನ ಸೈ ಮಾಡಿದ್ನೆಲ್ಲ, ಅದಕ್ಕ. ನೀವು ಹಾಡು ಚಂದಗೆ ತಯಾರ ಮಾಡಿ ಕೊಡ್ರಿ. ಮನ್ಯಾಗ ಹಾಡಿದಂಗ ಕೇಳಸಬೇಕು. ಅದನ್ನಾರ ಕೇಳ್ಯಾಳು."

ಹೆಡ್‌ಫೋನ್ ಹಾಕಿಕೊಂಡು ಆ ರೆಕಾರ್ಡಿಂಗ್ ಕೇಳಿದೆ. ನಮ್ಮ ಕೆಲಸದಲ್ಲಿ ಇಂಥದ್ದಕ್ಕೆ ಡ್ರೈ ಎನ್ನುತ್ತಾರೆ, ಒಣ ದನಿ. ಗೋಡೆಯಿಲ್ಲ, ಚಾವಣಿಯಿಲ್ಲ, ಗಾಳಿಯಿಲ್ಲ. ತುಟಿ ಬಿಡಿಸುವ ಸಪ್ಪಳ, ಉಗುಳು ನುಂಗುವ ಸಪ್ಪಳವೂ ಕೇಳುತ್ತದೆ. ಇನ್ನು ಈ ಲೋಕದಲ್ಲಿ ಎಲ್ಲೂ ಇಲ್ಲದ ದನಿಯೊಂದು ನನ್ನ ಎರಡು ಕಿವಿಗಳ ನಡುವೆ ಬಂದು ಕೂತು ಹಾಡುತ್ತಿತ್ತು. ತಾಯಿ ಎದ್ದುಹೋಗುವುದರಲ್ಲಿ ಆಶ್ಚರ್ಯವಿರಲಿಲ್ಲ. ನಾನೂ ಹೆಡ್‌ಫೋನ್ ತೆಗೆದಿಟ್ಟು ಸ್ಪೀಕರಿನಲ್ಲಿ ಕೇಳತೊಡಗಿದೆ.

ಒಣ ದನಿಗೆ ಜಾಗದ ಮೊಳಗು, ಅಂದರೆ ಗೋಡೆಗಳಿಗೆ ಬಡಿದು ಮರಳಿ ಬರುವ ಸದ್ದು, ಕೂಡಿಸಿದರೆ ಅದು ವೆಟ್, ಒದ್ದೆ ದನಿ. ಎರಡನ್ನೂ ಬೆರೆಸುವುದಕ್ಕೆ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಇರುತ್ತದೆ. ಎಡಕ್ಕೆ ಪೂರ್ತಿ ತಿರುಗಿಸಿದರೆ ಬರೀ ಒಣ, ಬಲಕ್ಕೆ ಪೂರ್ತಿ ತಿರುಗಿಸಿದರೆ ಬರೀ ಒದ್ದೆ. ಹಾಡುವವರು ಕೇಳುವವರಿಂದ ಎಷ್ಟು ದೂರ ಎಂಬುದನ್ನು ಹೆಚ್ಚುಕಡಿಮೆ ಆ ಗುಂಡಿಯೇ ತೀರ್ಮಾನಿಸುತ್ತದೆ. ನನ್ನಲ್ಲಿದ್ದ ಸಭಾಭವನ, ಗುಡಿ, ಚರ್ಚು, ಗವಿಗಳ ಮೊಳಗನ್ನೆಲ್ಲ ಒಂದೊಂದಾಗಿ ಹಚ್ಚಿ ನೋಡಿದೆ. ಯಾವುದರಲ್ಲೂ ಆ ದನಿ ನಿಲ್ಲಲಿಲ್ಲ, ಹೊರಗಿನಿಂದ ಅಂಟಿಸಿದ ಹಾಗಿತ್ತು. ಕೊನೆಗೆ ಆ ಹಗೇವಿನ ಮೊಳಗನ್ನೇ ಹಿಡಿದು ತರುವುದೆಂದು ನಿರ್ಧರಿಸಿದೆ.

ಯಾವುದೇ ಜಾಗದ ಮೊಳಗಿನ ಅಚ್ಚು ತೆಗೆಯಬಹುದು. ಅಲ್ಲಿ ಒಂದು ಬಲೂನು ಒಡೆದು, ಆ ಸಪ್ಪಳ ಪೂರ್ತಿ ಆರುವ ತನಕ ರೆಕಾರ್ಡ್ ಮಾಡಿಕೊಳ್ಳುವುದು. ಆಮೇಲೆ ಯಾವ ದನಿಯನ್ನು ಅದರೊಳಗೆ ಹಾಯಿಸಿದರೂ ಅದು ಆ ಜಾಗದಲ್ಲೇ ಹುಟ್ಟಿದಂತೆ ಕೇಳುತ್ತದೆ.

ಅವರ ಮನೆಗೆ ಹೋದೆ. ಅಲ್ಲಿ ತಾಯಿಯ ತಮ್ಮ, ಮಗಳ ಮಾಮ ಇದ್ದರು, ಹೊಲ ನೋಡಿಕೊಂಡು ಇರುವವರು. ಹಗೇವು ತೆರೆಯಬೇಕೆಂದು ಕೇಳಿದ ಕೂಡಲೇ ಬೇಡವೆಂದರು.

"ಭಾಳ ವರ್ಷಾತ್ರಿ ಮುಚ್ಚಿ. ನಮ್ಮ ಕಾಕಾ ಇದರಾಗ ದೀಪಾ ಇಳಿಸಿ ನೋಡದ ಹಂಗ ಇಳದ. ಒಳಗಿನ ಗಾಳಿ ಕೆಟ್ಟಿತ್ತು. ಹೊಳ್ಳಿ ಬರಲಿಲ್ಲ. ಆವಾಗಿಂದ ಜ್ವಾಳಾ ತುಂಬಿಲ್ಲ."

"ಯಾರೂ ಇಳಿಯೂದು ಬ್ಯಾಡ್ರಿ. ಹಗ್ಗದ ಮ್ಯಾಲ ಮೈಕ್ ಇಳಸ್ತೇನಿ, ಅಷ್ಟ," ಎಂದೆ.

ಅವರು ಅಕ್ಕನ ಕಡೆ ನೋಡಿದರು. ತಾಯಿ ಕಂಬಕ್ಕೆ ಒರಗಿ ಕೂತಿದ್ದರು. ಕೊರಳಿಗೆ ಬಿಳಿ ಬಟ್ಟೆ ಸುತ್ತಿತ್ತು. ಒಂದು ಸಲ ನನ್ನನ್ನು ನೋಡಿ, ಎದ್ದು ಹಿತ್ತಲಿಗೆ ಹೋದರು. ಬೇಡವೆಂದು ಕೈ ಮಾಡಿರಲಿಲ್ಲ. ಅದನ್ನೇ ಒಪ್ಪಿಗೆಯೆಂದು ಹಿಡಿದೆವು.

ಮಾಮ ಅಂದೇ ಕಲ್ಲಿನ ಮುಚ್ಚಳ ಸರಿಸಿ ಗಾಳಿಗೆ ಬಿಟ್ಟರು. ಮರುದಿನ ಮಗಳ ವಾರದ ರಜೆ. ನಾವು ಹೋದಾಗ ಮಟಮಟ ಮಧ್ಯಾಹ್ನ, ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಪಡಸಾಲೆಯ ನೆಲದಲ್ಲಿ ಆ ಕಪ್ಪು ಬಾಯಿ ತೆರೆದಿತ್ತು. ಬಗ್ಗಿ ನೋಡಿದರೆ ತಂಪು ಗಾಳಿ ಮುಖಕ್ಕೆ ಬಡಿಯಿತು, ಹಳೆಯ ಕಾಳಿನ ಮುಗ್ಗಲು ವಾಸನೆ. ಮಾಮ ಕಂದೀಲು ಇಳಿಸಿದರು. ಉರಿ ಸಣ್ಣದಾಯಿತು, ಆರಲಿಲ್ಲ. ಬೆಳಕು ಗೋಡೆಯ ಮೇಲೆ ಓಡಾಡಿತೇ ಹೊರತು ತಳ ಕಾಣಿಸಲಿಲ್ಲ. ಅವರು ಕಂದೀಲು ಮೇಲಕ್ಕೆಳೆದು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತರು. ತಾಯಿ ಅಂದೂ ಹಿತ್ತಲಿಗೆ ಹೋಗಿದ್ದರು.

ಮೈಕನ್ನು ಹಗ್ಗಕ್ಕೆ ಕಟ್ಟಿ ಹಗೇವಿನ ಬಾಯಿಯೊಳಗೆ ಒಂದು ಮೊಳ ಕೆಳಗೆ ತೂಗಿಬಿಟ್ಟೆ. ಬೀಸುವ ಕಲ್ಲಿನ ಹತ್ತಿರ, ತಾಯಿ ಕೂರುತ್ತಿದ್ದ ಜಾಗದಲ್ಲಿ, ಅವರ ಬಾಯಿಯ ಎತ್ತರಕ್ಕೆ ಬಲೂನು ಹಿಡಿದು ಮಗಳು ಕೂತಳು. ಇನ್ನೊಂದು ಕೈಯಲ್ಲಿ ಸೂಜಿ.

"ಒಡದ ಮ್ಯಾಲ ಉಸಿರು ಬಿಗಿ ಹಿಡೀಬೇಕು. ನಾ ಕೈ ಇಳಿಸೂತನಕ ಮಿಸುಕಬ್ಯಾಡವಾ."

ಬಲೂನಿನ ಸಪ್ಪಳಕ್ಕೆ ಕಿವಿ ಕೆಡಬಾರದೆಂದು ನಾನು ಹೆಡ್‌ಫೋನ್ ತೆಗೆದು, ಕಿವಿಗೆ ಅರಳೆ ತುರುಕಿಕೊಂಡು, ಪರದೆಯ ಮೇಲಿನ ಅಲೆಯನ್ನು ಮಾತ್ರ ನೋಡುತ್ತ ಕೂತೆ. ಮೊದಲ ಸಲ ಓಣಿಯಲ್ಲಿ ಟ್ರ್ಯಾಕ್ಟರ್ ಬಂತು. ಎರಡನೆಯ ಸಲ ಮಗಳು ಕೆಮ್ಮಿದಳು. ಮೂರನೆಯದು ಸರಿಯಾಯಿತು. ಅಲೆ ಒಮ್ಮೆಲೇ ಎದ್ದು, ನಾನು ಎಣಿಸಿದ್ದಕ್ಕಿಂತ ಬಹಳ ಹೊತ್ತು ತೆಗೆದುಕೊಂಡು ಸಣ್ಣಗಾಗುತ್ತ ಹೋಯಿತು. ಅಷ್ಟು ಉದ್ದದ ಮೊಳಗು ಸಿಕ್ಕಿತೆಂದು ಖುಷಿಪಟ್ಟು, ಸಾಮಾನು ಕಟ್ಟಿಕೊಂಡು ಬಂದೆ.

ಸ್ಟುಡಿಯೋಕ್ಕೆ ಬಂದು ಹಾಡಿಗೆ ಆ ಅಚ್ಚು ಹಚ್ಚಿದಾಗ ಮೊದಲು ಎದುರಾದ ತೊಂದರೆ ನನ್ನದೇ ತಪ್ಪಿನಿಂದ ಬಂದದ್ದು. ಬಲೂನಿನ ಅಚ್ಚಿನ ಆರಂಭದಲ್ಲಿ ಒಡೆದ ಕ್ಷಣದ ನೇರ ಸಪ್ಪಳ ಹಾಗೇ ಉಳಿದಿತ್ತು. ಹೀಗಾಗಿ ಒದ್ದೆ ದನಿಯಲ್ಲೂ ಒಣ ದನಿಯ ಒಂದು ಮಾಸಿದ ನಕಲು ಬರುತ್ತಿತ್ತು, ಅದೂ ಕೂದಲೆಳೆಯಷ್ಟು ತಡವಾಗಿ. ಎರಡನ್ನೂ ಬೆರೆಸಿದರೆ ಒಂದು ಇನ್ನೊಂದನ್ನು ಅಲ್ಲಲ್ಲಿ ತಿಂದುಹಾಕಿ, ಯಾರೋ ಕೊಡದೊಳಗೆ ಮುಖವಿಟ್ಟು ಹಾಡಿದಂತೆ ಟೊಳ್ಳಾಗುತ್ತಿತ್ತು. ಆರಂಭದ ಆ ನೇರ ಸಪ್ಪಳವನ್ನು ಕತ್ತರಿಸಿದೆ. ಒಣ ದನಿಯನ್ನು ಅದರ ಪಾಡಿಗೆ ಒಂದು ಟ್ರ್ಯಾಕಿನಲ್ಲಿ ಬಿಟ್ಟು, ಒದ್ದೆಯನ್ನು ಬೇರೆ ಟ್ರ್ಯಾಕಿಗೆ ಕಳಿಸಿ, ಅಲ್ಲಿ ಗುಂಡಿಯನ್ನು ಪೂರ್ತಿ ಬಲಕ್ಕೆ ಇಟ್ಟೆ. ಈಗ ಎರಡರ ಮಟ್ಟವನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸಬಹುದಿತ್ತು. ಟೊಳ್ಳು ಹೋಯಿತು. ಅವರ ದನಿ ಪಡಸಾಲೆಯಲ್ಲಿ ಕೂತು ಹಾಡಿ, ನೆಲದೊಳಗೆ ಇಳಿದು, ದಪ್ಪಗಾಗಿ ಹೊಳ್ಳಿ ಬಂತು. ಅವರು ಹೇಳಿದ್ದು ನಿಜ. ಆಗ ಹಾಡುವುದೆಂದರೆ ಹಾಡುವುದೇ.

ಅದರ ಹಿಂದೆ ಇನ್ನೇನೋ ಇದೆ ಎಂದು ಗೊತ್ತಾಗಿದ್ದು ಒದ್ದೆ ದನಿಯನ್ನು ಏರಿಸಿದ ಮೇಲೆ.

ಸಾಲು ಮುಗಿದು ತಾಯಿ ಸುಮ್ಮನಾಗುವ ಜಾಗವಿದೆಯಲ್ಲ, ಅಲ್ಲಿ ಯಾರೋ ಪಿಸುಗುಟ್ಟುತ್ತಿದ್ದರು. ಒಣ ಟ್ರ್ಯಾಕನ್ನು ಬಂದ್ ಮಾಡಿ, ಒದ್ದೆಯೊಂದನ್ನೇ ಬಿಟ್ಟು ಕೇಳಿದೆ.

ಮುಂಗೈಯ ಬಳೆ ಸದ್ದು ಮೂಡಲಕ ಕೇಳ್ಯಾವ, ಏಳೆನ್ನ ಮಗಳ ಬೆಳಗಾತ.

ದನಿ ಇಳಿಯಿತು, ಮೊಳಗಿತು. ಮೊಳಗು ಆರುತ್ತಿರುವಾಗಲೇ, ಒಂದೂವರೆ ಸೆಕೆಂಡು ತಡವಾಗಿ, ಅದೇ ಸಾಲನ್ನು ದನಿಯೇ ಇಲ್ಲದ ಯಾರೋ ಬರೀ ಗಾಳಿಯಲ್ಲಿ ಹೇಳಿಕೊಂಡು ಹೋದರು. ಕೊನೆಯಲ್ಲಿ ಬೆಳಗಾತ ಎಂಬುದು ನೀಟಾಗಿ ತಿಳಿಯುವಂತಿತ್ತು.

ಸ್ಪೀಕರ್ ಬಂದ್ ಮಾಡಿ ಹೊರಗೆ ಬಂದು ನಿಂತೆ. ಕೆಳಗೆ ಬಸ್ಸುಗಳು, ಬಿಸಿಲು, ಕಲ್ಲಂಗಡಿ ಮಾರುವವರು. ಒಳಗೆ ಹೋಗಿ ಒಂದೊಂದಾಗಿ ನೋಡುತ್ತ ಬಂದೆ. ಒಣ ಟ್ರ್ಯಾಕಿನ ಆ ಜಾಗಗಳನ್ನು ಎಷ್ಟು ಏರಿಸಿದರೂ ಅಲ್ಲೇನೂ ಇರಲಿಲ್ಲ. ಹಗೇವಿನ ಅಚ್ಚು ತೆಗೆದು ಗುಡಿಯ ಅಚ್ಚು ಹಚ್ಚಿದರೆ ಪಿಸುಮಾತು ಮಾಯ. ಮತ್ತೆ ಹಗೇವು ಹಚ್ಚಿದರೆ ಹಾಜರು. ಬೇರೆ ಹಾಡುಗಳಲ್ಲೂ ಆಯಾ ಹಾಡಿನ ಮಾತನ್ನೇ ಅದು ಹೇಳುತ್ತಿತ್ತು. ಕೊನೆಗೆ ಕೌದಿಯ ಕೋಣೆಗೆ ಹೋಗಿ ಮೈಕಿನಲ್ಲಿ ನಾನೇ ಮಾತಾಡಿದೆ, ನೀರು ಕುಡಿದು ಬರ್ತೇನೆ ಎಂದೆ. ಬಂದು ಆ ಅಚ್ಚಿನಲ್ಲಿ ಹಾಯಿಸಿದೆ. ನೀರು ಕುಡಿದು ಬರ್ತೇನೆ ಎಂದು ಅದು ನನ್ನ ಹಿಂದೆಯೇ ಪಿಸುಗುಟ್ಟಿತು.

ಅಂದರೆ ಅದು ಹಾಡಿನಲ್ಲಿಲ್ಲ, ಅಚ್ಚಿನೊಳಗೇ ಇದೆ. ಬಲೂನಿನ ರೆಕಾರ್ಡಿಂಗನ್ನು ಏರಿಸಿ ಬರೀ ಅದನ್ನೇ ಕೇಳಿದೆ. ಒಡೆದ ಸಪ್ಪಳ, ಅದರ ಮೊಳಗು, ಆಮೇಲೆ ಒಂದು ಉಸಿರು. ಹಾ ಎಂದು ದಪ್ಪಗೆ, ಆಳದಿಂದ, ಗಂಡಸು ನಿಟ್ಟುಸಿರು ಬಿಟ್ಟ ಹಾಗೆ. ಲೆಕ್ಕ ಈಗ ತಿಳಿಯಿತು. ಅಚ್ಚಿನಲ್ಲಿ ಉಸಿರು ಸೇರಿಕೊಂಡರೆ ಅದರಲ್ಲಿ ಹಾದುಹೋದ ಮಾತೆಲ್ಲ ಆ ಉಸಿರಿನಲ್ಲಿ ಇನ್ನೊಮ್ಮೆ ಹೊರಬರುತ್ತದೆ. ಹೇಗೆ ಆಗುತ್ತದೆಂಬುದು ಗೊತ್ತಾಯಿತು. ಯಾರದು ಎಂಬುದು ಮಾತ್ರ ಗೊತ್ತಾಗಲಿಲ್ಲ. ನಾನು ಉಸಿರು ಹಿಡಿದಿದ್ದೆ. ಮಾಮ ಹೊರಗಿನ ಕಟ್ಟೆಯ ಮೇಲಿದ್ದರು. ತಾಯಿ ಹಿತ್ತಲಿನಲ್ಲಿದ್ದರು.

ಮರುದಿನ ಟ್ರಿಪ್ಪಿನ ನಡುವೆ ಮಗಳು ಮೇಲೆ ಬಂದಾಗ ಕೇಳಿಸಿದೆ. ಮುಚ್ಚಿಟ್ಟು ಸುಮ್ಮನೆ ಕತ್ತರಿಸಿಬಿಡಬಹುದಿತ್ತು, ಆದರೆ ಉಸಿರು ಬಿಟ್ಟಿದ್ದು ಅವಳೇನೋ ಎಂದು ಕೇಳಬೇಕಾಗಿತ್ತು. ಅವಳು ಒಂದು ಸಾಲು ಕೇಳಿದಳು. ಎರಡನೆಯ ಸಾಲಿಗೆ ಕುರ್ಚಿಯಿಂದ ಎದ್ದು ಬಾಗಿಲಿಗೆ ಹೋಗಿ ನಿಂತಳು.

"ಯಾರ್ರೀ ಅದು?"

"ನೀನ ಉಸಿರು ಬಿಟ್ಟಿದ್ದೇನು?"

"ಇಲ್ರಿ ಅಕ್ಕಾರ, ದೇವರಾಣಿ. ನೀವು ಕೈ ಇಳಿಸೂತನಕ ಬಿಗಿ ಹಿಡದಿದ್ದೆ." ಅವಳ ಮುಖ ಬಿಳಚಿಕೊಂಡಿತ್ತು. "ಅಂವಾ ರೀ ಅದು. ಒಳಗ ಇಳದು ಬರಲಿಲ್ಲಲ್ಲ, ಆ ಅಜ್ಜ. ತಗೀರಿ ಅದನ್ನ. ನಮ್ಮವ್ವನ ಹಾಡಿನ್ಯಾಗ ಅಂವಾ ಬ್ಯಾಡ."

ತೆಗೆಯುತ್ತೇನೆ ಎಂದು ಮಾತು ಕೊಟ್ಟೆ. ಅದು ಕಷ್ಟವೇನಲ್ಲ, ಉಸಿರು ಬರುವ ಮೊದಲೇ ಅಚ್ಚನ್ನು ಮೆಲ್ಲಗೆ ಆರಿಸಿಬಿಟ್ಟರಾಯಿತು, ಮೊಳಗು ಸ್ವಲ್ಪ ಗಿಡ್ಡವಾಗುತ್ತದೆ ಅಷ್ಟೆ. ಆ ಸಂಜೆಯೇ ಅದನ್ನು ಮಾಡಿಟ್ಟೆ. ಆದರೆ ಹಳೆಯ ಅಚ್ಚನ್ನು ಅಳಿಸಲು ಕೈ ಬರಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಎರಡು ಜನರ ಹೆಜ್ಜೆ ಕೇಳಿತು. ಮುಂದೆ ಮಗಳು, ಹಿಂದೆ ತಾಯಿ.

"ನಿನ್ನೆ ಮಾಮಾಗ ಎಲ್ಲಾ ಹೇಳಾಕತ್ತಿದ್ದೆ, ಆಕಿ ಕೇಳಿಸಿಕೊಂಡ್ಲು. ಮುಂಜಾನೆ ಎದ್ದು ಬಸ್ಸಿನ್ಯಾಗ ಬಂದು ಕುಂತಬಿಟ್ಟಾಳ್ರಿ. ನಾ ಒಂದು ಟ್ರಿಪ್ ಹೋಗಿ ಬರ್ತೇನಿ, ಅಲ್ಲೀತನಕ ನಿಮ್ಮ ಹಂತ್ಯಾಕ ಇರ್ಲಿ." ಹೀಗೆಂದು ಮಗಳು ಇಳಿದು ಹೋದಳು.

ತಾಯಿ ನನ್ನ ಕುರ್ಚಿಯ ಪಕ್ಕದಲ್ಲಿ ಕೂತು ಸ್ಪೀಕರಿನತ್ತ ಕೈ ಮಾಡಿದರು. ಹೊಸ ಅಚ್ಚು ಹಚ್ಚಿದ ಹಾಡು ಕೇಳಿಸಿದೆ. ತಲೆ ಅಲ್ಲಾಡಿಸಿದರು. ಇದಲ್ಲ, ಇನ್ನೊಂದು ಎಂದು ಬೆರಳು ಹಿಂದಕ್ಕೆ ತೋರಿಸಿದರು. ಹಳೆಯದನ್ನು ಹಚ್ಚಿ, ಒಣ ಟ್ರ್ಯಾಕ್ ಬಂದ್ ಮಾಡಿ, ಒದ್ದೆಯನ್ನು ಮಾತ್ರ ಬಿಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು. ತಮ್ಮ ದನಿ ಬಂದಾಗ ಮುಖದಲ್ಲಿ ಏನೂ ಬದಲಾಗಲಿಲ್ಲ. ಪಿಸುಮಾತು ಬಂದ ಕೂಡಲೇ ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ಹಾಡು ನಿಲ್ಲಿಸಿದೆ. ಅವರು ಅಳುತ್ತಿರಲಿಲ್ಲ. ಸಪ್ಪಳವಿಲ್ಲದೆ ನಗುತ್ತಿದ್ದರು.

ಕೊರಳಿನ ಬಟ್ಟೆಯ ಗಂಟು ಬಿಚ್ಚಿದರು. ಕೊರಳ ಬುಡದಲ್ಲಿ, ಎಲುಬುಗಳು ಕೂಡುವ ಕಡೆ, ಉಸಿರಾಡಲೆಂದು ಮಾಡಿದ ಒಂದು ದುಂಡನೆಯ ತೂತು, ಸುತ್ತ ಗುಲಾಬಿ ಬಣ್ಣದ ಹೊಸ ಚರ್ಮ. ನನ್ನ ಕೈ ಹಿಡಿದೆಳೆದು ಅಂಗೈಯನ್ನು ಅದರ ಮುಂದೆ ಇಟ್ಟುಕೊಂಡು, ಎದೆ ತುಂಬ ಎಳೆದು ಬಿಟ್ಟರು. ಬೆಚ್ಚನೆಯ ಗಾಳಿ ಅಂಗೈಗೆ ತಾಗಿತು, ಜೊತೆಗೇ ಆ ಸಪ್ಪಳ. ಹಾ. ಬಾಯಿಯ ದಾರಿ ಹಿಡಿಯದ, ತುಟಿ ನಾಲಗೆಗಳ ರುಚಿ ಹತ್ತದ ಉಸಿರು. ಅದಕ್ಕೇ ಅದು ಹೆಂಗಸಿನದು ಎನಿಸಿರಲಿಲ್ಲ, ಗೊತ್ತಿದ್ದ ಯಾರದೂ ಎನಿಸಿರಲಿಲ್ಲ.

"ನೀವು ಹಿತ್ತಲದಾಗ ಇದ್ರೆಲ್ಲ ಅವ್ವಾರ?"

ಎರಡು ಬೆರಳಲ್ಲಿ ನಡೆದು ತೋರಿಸಿದರು. ಹಿತ್ತಲಿನಿಂದ ಮೆಲ್ಲಗೆ ಬಂದು, ನನ್ನ ಬೆನ್ನ ಹಿಂದೆ, ಹಗೇವಿನ ಬಾಯಿಯ ಹತ್ತಿರದ ಕಂಬದ ಮರೆಯಲ್ಲಿ ನಿಂತಿದ್ದರು. ಬಲೂನು ಒಡೆದಾಗ ಬೆಚ್ಚಿದ್ದನ್ನೂ ಎದೆಯ ಮೇಲೆ ಕೈಯಿಟ್ಟು ತೋರಿಸಿದರು.

ನನಗೆ ನಾಚಿಕೆಯಾಯಿತು, ಭಯವೂ ಪೂರ್ತಿ ಹೋಗಲಿಲ್ಲ. ತೆಗೆದುಹಾಕಿದ್ದೇನೆ, ಹೊಸದರಲ್ಲಿ ಅದು ಇಲ್ಲ ಎಂದು ಸಮಾಧಾನ ಹೇಳಲು ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ. ಎದ್ದು ಕೌದಿಯ ಕೋಣೆಗೆ ಹೋಗಿ, ಹಿಂದೆ ಕೂರುತ್ತಿದ್ದ ಜಾಗದಲ್ಲಿ ಕೂತು, ಮೈಕಿನ ಕಂಬವನ್ನು ಎರಡು ಸಲ ತಟ್ಟಿದರು.

ಏನು ರೆಕಾರ್ಡ್ ಮಾಡಿಕೊಳ್ಳಬೇಕೆಂದು ಮೊದಲು ತಿಳಿಯಲಿಲ್ಲ. ಆಮೇಲೆ ಸವಣೂರಿನ ನಾಟಕದ ಗೆಳತಿಯೊಬ್ಬಳು ಬಿಟ್ಟುಹೋಗಿದ್ದ, ಅಂಗಿಗೆ ಸಿಗಿಸುವ ಸಣ್ಣ ಮೈಕನ್ನು ತಂದು ಅವರ ಕೊರಳಿನ ಹತ್ತಿರ, ಉಸಿರು ನೇರ ಬಡಿಯದ ಹಾಗೆ ಪಕ್ಕಕ್ಕೆ ಸಿಗಿಸಿದೆ. ದೊಡ್ಡ ಮೈಕನ್ನು ತುಟಿಯ ಹತ್ತಿರಕ್ಕೆ ತಂದೆ. ಹೆಡ್‌ಫೋನ್ ತೊಡಿಸಿ, ಅವರದೇ ಹಾಡು ಹಚ್ಚಿದೆ. ಈ ಸಲ ಒಣ ದನಿಯನ್ನೇ ಕೊಟ್ಟೆ, ಯಾವ ದನಿಯನ್ನು ಕೇಳಿ ಅವರು ಎದ್ದು ಹೋಗುತ್ತಿದ್ದರೋ ಅದನ್ನೇ.

ಅವರು ಎದ್ದು ಹೋಗಲಿಲ್ಲ. ಮೊದಲ ಸಾಲು ಮುಗಿದು ಆ ಖಾಲಿ ಜಾಗ ಬಂದಾಗ ಕೈಗಳು ಬೀಸುವ ಕಲ್ಲಿನ ಗೂಟ ಹಿಡಿದಂತೆ ಮುಂದೆ ಬಂದವು. ಬಾಯಿ ಸಾಲನ್ನು ಎತ್ತಿಕೊಂಡಿತು. ಪ, ತ, ಕ, ಚ ಇವಕ್ಕೆಲ್ಲ ಗಂಟಲು ಬೇಕಿಲ್ಲ, ತುಟಿ ನಾಲಗೆಗಳಲ್ಲೇ ಹುಟ್ಟುತ್ತವೆ. ದನಿಯಿಲ್ಲದೆ ಬ ಪ ಆಗುತ್ತದೆ, ಗ ಕ ಆಗುತ್ತದೆ. ಬೆಳಗಾತ ಎಂಬ ಮಾತು ಪ, ಕ, ತ ಎಂಬ ಮೂರು ಸಣ್ಣ ಚಿಟಿಕೆಗಳಾಗಿ ದೊಡ್ಡ ಮೈಕಿಗೆ ಬಂತು. ಅದರ ಕೆಳಗೆ, ಕೊರಳಿನ ಮೈಕಿನಲ್ಲಿ, ಹಾಡಿನ ಎಳೆತದಷ್ಟೇ ಉದ್ದದ ಉಸಿರು. ರಾಗವಿರಲಿಲ್ಲ. ತಾಳ ಒಂದು ಕಡೆಯೂ ತಪ್ಪಲಿಲ್ಲ. ಎದುರಿಗೆ ಕೂತು ಬೀಸುವವಳ ಪಾಲನ್ನು ಅವರು ಪೂರ್ತಿ ಮುಗಿಸಿದರು. ಒಂದು ಹಾಡು, ಇನ್ನೊಂದು, ಮತ್ತೊಂದು. ಗಾಜಿನ ಈಚೆ ನಾನು ಪರದೆ ನೋಡುವುದನ್ನು ಬಿಟ್ಟು ಅವರನ್ನೇ ನೋಡುತ್ತಿದ್ದೆ. ಸ್ಪೀಕರಿನಲ್ಲಿ ಇಬ್ಬರು ಹಾಡುತ್ತಿದ್ದರು. ಕಣ್ಣಿಗೆ ಒಬ್ಬರೇ ಕಾಣುತ್ತಿದ್ದರು.

ದಣಿದು ಅಲ್ಲೇ ಚಾಪೆಯ ಮೇಲೆ ಒರಗಿದರು. ಕ್ಷಣದಲ್ಲೇ ನಿದ್ದೆ ಹತ್ತಿತು. ಎಬ್ಬಿಸುವುದು ಬೇಡವೆಂದು ಸಣ್ಣ ಮೈಕನ್ನೂ ಬಿಚ್ಚದೆ ಬಾಗಿಲು ಎಳೆದುಕೊಂಡು ಬಂದು ಮಿಕ್ಸಿಂಗಿಗೆ ಕೂತೆ.

ಎಷ್ಟು ಒಣ, ಎಷ್ಟು ಒದ್ದೆ? ಇಲ್ಲಿಯವರೆಗೆ ಅವರ ಹಾಡುವ ದನಿಯನ್ನು ಹತ್ತಿರ ತರುವುದಕ್ಕೇ ಒದ್ದಾಡುತ್ತಿದ್ದೆ. ಈಗ ಅದರ ಒಣ ಟ್ರ್ಯಾಕನ್ನು ಪೂರ್ತಿ ಇಳಿಸಿ ನೋಡಿದೆ. ದನಿ ಹಗೇವಿನಿಂದ ಮಾತ್ರ ಬಂತು. ದೂರದಿಂದ, ದಪ್ಪಗೆ, ಹೋದದ್ದು ಹೋಯಿತು ಎಂದು ಒಪ್ಪಿಕೊಂಡ ಹಾಗೆ. ಉಸಿರಿನ ಟ್ರ್ಯಾಕಿಗೆ ಯಾವ ಮೊಳಗನ್ನೂ ಕೂಡಿಸಲಿಲ್ಲ. ಅದು ಇದ್ದ ಹಾಗೇ ಒಣದಾಗಿ, ಮೂಗಿನ ಮುಂದೆಯೇ ಉಳಿಯಿತು. ಮಾಡಬೇಕಾದ್ದು ಇದೇ ಎಂದು ಗೊತ್ತಾಯಿತು. ಆದರೂ ಬಾಗಿಲಲ್ಲಿ ನಿಂತಿದ್ದ ಮಗಳ ಬಿಳಚಿದ ಮುಖ ನೆನಪಾಗಿ, ಉಸಿರಿನ ಮಟ್ಟವನ್ನು ಮಾತ್ರ ಬಹಳ ಸಣ್ಣದು ಮಾಡಿಟ್ಟೆ. ಕಿವಿಗೊಟ್ಟರಷ್ಟೇ ಕೇಳುವ ಹಾಗೆ.

ಮಧ್ಯಾಹ್ನ ಮಗಳು ಬಂದಳು. ತಾಯಿ ಮಲಗಿದ್ದನ್ನು ಗಾಜಿನಲ್ಲಿ ನೋಡಿ ಕುರ್ಚಿ ಎಳೆದುಕೊಂಡು ಕೂತಳು. ಉಸಿರು ಯಾರದೆಂದು ಹೇಳಿದೆ. ಅವಳು ಮತ್ತೆ ಗಾಜಿನತ್ತ ತಿರುಗಿದಳು.

"ನನಗ ಗೊತ್ತಾಗಬೇಕಿತ್ರಿ," ಎಂದಳು ಕ್ಷೀಣವಾಗಿ. "ದಿನಾ ಬಾಜೂಕ ಮಲಗ್ತೇನಿ. ಆ ಸಪ್ಪಳ ಕೇಳಿದ್ರ ನಿದ್ದಿ ಹತ್ತೂದಿಲ್ಲ. ಮನ್ಯಾಗ ಬ್ಯಾರೆ ಯಾರೋ ಬಂದು ಮಲಗ್ಯಾರ ಅನಸ್ತೈತಿ. ತಲಿದಿಂಬು ಕಿವಿಗೆ ಒತ್ತಿಕೊಂಡು ಮಲಗ್ತೇನ್ರಿ. ಆಕಿಗೆ ತಿಳದೈತಿ ಅದು."

ಹೊಸ ಮಿಕ್ಸ್ ಹಚ್ಚಿದೆ. ಅವಳು ಮೊಣಕಾಲಿನ ಮೇಲೆ ಟಿಕೆಟ್ ಮಷಿನ್ ಇಟ್ಟುಕೊಂಡು, ತಲೆ ತಗ್ಗಿಸಿ ಕೇಳಿದಳು. ದನಿ ಕೆಳಗಿನಿಂದ ಬಂದು ಏಳೆನ್ನ ಮಗಳ ಎಂದು ಕರೆಯಿತು. ನಿಂತಿತು. ಮುಂದೆ ಕೂತವಳು ಪ, ಕ, ತ ಎಂದಳು. ಎರಡು ಸಾಲು ಹೀಗೆ ಹೋಯಿತು.

"ಅಕ್ಕಾರ, ಇದು ಭಾಳ ಸಣ್ಣ ಕೇಳಸ್ತೈತಿ. ಏರಿಸ್ರಿ."

ಏರಿಸಿದೆ.

"ಇನ್ನೊಂದೀಟು."

ಉಸಿರು ದನಿಯ ಮಟ್ಟಕ್ಕೆ ಬಂತು, ಅದನ್ನೂ ದಾಟಿತು. ಕಲಿತವರು ಯಾರೂ ಅಷ್ಟು ಏರಿಸುವುದಿಲ್ಲ. ಅವಳು ಸಾಕು ಎಂದಲ್ಲಿಗೆ ಬಿಟ್ಟೆ. ಇಂದಿಗೂ ಅದು ಅಲ್ಲೇ ಇದೆ.

ಹಾಡು ಮುಗಿಯಿತು. ಹಗೇವಿನ ಮೊಳಗು ಆರಿತು. ಉಸಿರು ಮಾತ್ರ ನಿಲ್ಲಲಿಲ್ಲ. ಸ್ಪೀಕರಿನಿಂದ ಅದೇ ಸಪ್ಪಳ ಏರುತ್ತ ಇಳಿಯುತ್ತ ಬರುತ್ತಲೇ ಇತ್ತು. ಮಗಳು ತಲೆಯೆತ್ತಿ ಪರದೆ ನೋಡಿದಳು. ಹಾಡಿನ ಗೆರೆಗಳೆಲ್ಲ ನಿಂತಿದ್ದವು.

"ಇದೂ ಹಾಡಿನ್ಯಾಗಿಂದೇನ್ರಿ?"

"ಅಲ್ಲವಾ. ಆ ಸಣ್ಣ ಮೈಕ್ ಇನ್ನೂ ಚಾಲೂ ಐತಿ. ಅವರು ಮಲಗ್ಯಾರಲ್ಲ, ಈಗಿಂದ ಇದು."

ನನಗೇ ಕಸಿವಿಸಿಯಾಗಿ ಆ ಚಾನೆಲ್ ಬಂದ್ ಮಾಡಲು ಕೈ ಚಾಚಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಕೆಳಗೆ ಡ್ರೈವರ್ ಒಂದು ಸಲ ಹಾರ್ನ್ ಹೊಡೆದ, ಸ್ವಲ್ಪ ತಡೆದು ಇನ್ನೊಂದು ಸಲ.

"ಇರ್ಲಿ ಬಿಡ್ರಿ," ಎಂದಳು. "ಆಕಿ ಏಳೂತನಕ ಇರ್ಲಿ."